ತಾಮ್ರದ ಕೋಲ್ಡ್ ಪ್ಲೇಟ್‌ಗೆ ಲೇಸರ್ ವೆಲ್ಡಿಂಗ್: ಗುಳ್ಳೆ ಬಾರದ ವೆಲ್ಡ್ ಹೀಲಿಯಂನಲ್ಲಿ ಏಕೆ ಸೋರುತ್ತದೆ?

ಪ್ರಶ್ನೆ: ಡೇಟಾ ಸೆಂಟರ್ ಸರ್ವರ್‌ಗಳ ಲಿಕ್ವಿಡ್ ಕೂಲಿಂಗ್‌ಗೆ ತಾಮ್ರದ ಕೋಲ್ಡ್ ಪ್ಲೇಟ್ (ಚಿಪ್‌ಗೆ ತಾಗಿಕೊಂಡು, ಒಳಗೆ ಹರಿಯುವ ದ್ರವಕ್ಕೆ ಅದರ ಬಿಸಿ ಸಾಗಿಸುವ ತಟ್ಟೆ) ಮಾಡುತ್ತಿದ್ದೇವೆ. ತಳ 80 × 70 ಮಿ.ಮೀ., ಒಳಗೆ ಸ್ಕೈವಿಂಗ್ ಮಾಡಿದ, ಅಂದರೆ ತಳದ ಲೋಹವನ್ನೇ ಬ್ಲೇಡಿನಲ್ಲಿ ಹೆರೆದು ಎಬ್ಬಿಸಿದ, ತೆಳು ಫಿನ್‌ಗಳು, ಮೇಲೆ 2 ಮಿ.ಮೀ. ದಪ್ಪದ ಮುಚ್ಚಳ. 3 ಕಿಲೋವ್ಯಾಟ್ ಫೈಬರ್ ಲೇಸರ್‌ನಲ್ಲಿ ಸುತ್ತಲೂ ವೆಲ್ಡ್ ಮಾಡುತ್ತೇವೆ. ನೀರಿನಲ್ಲಿ ಮುಳುಗಿಸಿ ಗಾಳಿ ತುಂಬಿದರೆ ಗುಳ್ಳೆ ಬರುವುದಿಲ್ಲ. ಆದರೆ ಗ್ರಾಹಕರ ಹೀಲಿಯಂ ಪರೀಕ್ಷೆಯಲ್ಲಿ ಕೆಲವು ಸೋರುತ್ತವೆ, ಹೆಚ್ಚಾಗಿ ವೆಲ್ಡ್‌ನ ಸುತ್ತು ಮುಗಿಯುವ ಜಾಗದಲ್ಲೇ. ಫ್ಲಶ್ ಮಾಡಿದಾಗ ಫಿಲ್ಟರಿನಲ್ಲಿ ಸಣ್ಣ ತಾಮ್ರದ ಗುಂಡುಗಳು ಸಿಗುತ್ತಿವೆ, ತಳವೂ ಸ್ವಲ್ಪ ಬಾಗುತ್ತಿದೆ. ಇದಲ್ಲದೆ ಸ್ಟೇನ್‌ಲೆಸ್ ಮ್ಯಾನಿಫೋಲ್ಡ್‌ಗೆ (ದ್ರವವನ್ನು ಸರ್ವರ್‌ಗಳಿಗೆ ಹಂಚುವ ಕೊಳವೆಗೆ) ಲೇತ್‌ನಲ್ಲಿ ಟರ್ನಿಂಗ್ ಮಾಡಿದ ಫಿಟ್ಟಿಂಗ್ ಕೂರಿಸುವಾಗ ಕೆಲವು ಕಡೆ ವೆಲ್ಡ್‌ನ ನಡುಗೆರೆಯಲ್ಲಿ ಬಿರುಕು ಬರುತ್ತಿದೆ. ಹಸಿರು ಲೇಸರ್ ತೆಗೆದುಕೊಂಡರೆ ಇವೆಲ್ಲ ಸರಿಹೋಗುತ್ತವೆಯೇ?

ಉತ್ತರ: ಎಲ್ಲವೂ ಸರಿಹೋಗುವುದಿಲ್ಲ. ಹಸಿರು ಲೇಸರ್ ಬಂದರೆ ತಾಮ್ರದ ಗುಂಡುಗಳು ಕಡಿಮೆಯಾಗುತ್ತವೆ, ವೆಲ್ಡ್‌ನ ಆಳ ಒಂದೇ ಸಮನೆ ಬರುತ್ತದೆ. ಸುತ್ತು ಮುಗಿಯುವಲ್ಲಿನ ಸೋರಿಕೆ, ತಳದ ಬಾಗು, ಸ್ಟೇನ್‌ಲೆಸ್ ಬಿರುಕು ಈ ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವು ಕಿರಣ ಬೀಳುವ ಮೊದಲೇ ಒಳಗೆ ಸೇರಿಕೊಂಡಿರುತ್ತವೆ. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮುನ್ನ ಇರುವ ಯಂತ್ರದಲ್ಲೇ ಅವನ್ನು ಒಂದೊಂದಾಗಿ ತೆಗೆದುಹಾಕಬಹುದು.

ಮೊದಲು ಒಂದು ಲೆಕ್ಕ. ಒಳಗೆ 3 ಬಾರ್ ಒತ್ತಡವಿದ್ದರೆ 5600 ಚದರ ಮಿ.ಮೀ. ಮುಚ್ಚಳದ ಮೇಲೆ ಬೀಳುವ ಬಲ ಸುಮಾರು 1680 ನ್ಯೂಟನ್. ಸುತ್ತಳತೆ 300 ಮಿ.ಮೀ. ಆದ್ದರಿಂದ ವೆಲ್ಡ್‌ನ ಪ್ರತಿ ಮಿ.ಮೀ.ಗೆ 5.6 ನ್ಯೂಟನ್. ವೆಲ್ಡ್ ಬರೀ 1 ಮಿ.ಮೀ. ಆಳ ಇಳಿದಿದ್ದರೂ ಅಲ್ಲಿನ ನೇರ ಒತ್ತಡ 5.6 ಮೆಗಾಪಾಸ್ಕಲ್ ಅಷ್ಟೆ. ಪೂರ್ತಿ ಮೆತ್ತಗಾದ ತಾಮ್ರವೂ ಮೂವತ್ತು ಮೆಗಾಪಾಸ್ಕಲ್ ದಾಟುವವರೆಗೆ ಮಣಿಯುವುದಿಲ್ಲ. ಮುಚ್ಚಳ ಉಬ್ಬುವಾಗ ಅಂಚಿನಲ್ಲಿ ಬರುವ ಬಾಗುವಿಕೆಯನ್ನು ಸೇರಿಸಿಕೊಂಡರೂ ಶಕ್ತಿಗೆ ಕೊರತೆಯಿಲ್ಲ. ಎಂದ ಮೇಲೆ 2 ಮಿ.ಮೀ. ಮುಚ್ಚಳವನ್ನು ಪೂರ್ತಿ ತೂರಿಹೋಗುವ ಹಾಗೆ ವೆಲ್ಡ್ ಮಾಡುವ ಹಟ ಬೇಡ. ಸುತ್ತಲೂ ಎಲ್ಲೂ ಕಡಿಯದ 1ರಿಂದ 1.3 ಮಿ.ಮೀ. ಆಳ ಸಾಕು. ಆಳಕ್ಕಾಗಿ ಪವರ್ ಏರಿಸಿದಷ್ಟೂ ಗುಂಡು, ರಂಧ್ರ, ಬಾಗು ಮೂರೂ ಏರುತ್ತವೆ.

ತಾಮ್ರದ ತೊಂದರೆ ಇರುವುದು ಬೆಳಕನ್ನು ಅದು ಒಳಗೆ ಬಿಟ್ಟುಕೊಳ್ಳುವ ರೀತಿಯಲ್ಲಿ. ಫೈಬರ್ ಲೇಸರಿನ ಸುಮಾರು 1070 ನ್ಯಾನೋಮೀಟರ್ ಬೆಳಕಿನಲ್ಲಿ ತಣ್ಣಗಿನ ನುಣುಪು ತಾಮ್ರ ಹೀರಿಕೊಳ್ಳುವುದು ಶೇಕಡಾ 5ರ ಆಸುಪಾಸು ಮಾತ್ರ. ಹೀರಿಕೊಂಡ ಅಷ್ಟನ್ನೂ ತಕ್ಷಣ ಪಕ್ಕಕ್ಕೆ ಹರಿಸಿಬಿಡುತ್ತದೆ. ಅದರ ಉಷ್ಣವಾಹಕತೆ ಮೀಟರ್ ಕೆಲ್ವಿನ್‌ಗೆ 390 ವ್ಯಾಟ್‌ಗೂ ಹೆಚ್ಚು, 304 ಸ್ಟೇನ್‌ಲೆಸ್‌ನದು 16ರಷ್ಟು. ಶಕ್ತಿಯ ಸಾಂದ್ರತೆ ಒಂದು ಮಟ್ಟ ದಾಟಿದಾಗ ಲೋಹ ಆವಿಯಾಗಿ ಕಿರಿದಾದ ಆಳದ ಕುಳಿ, ಅಂದರೆ ಕೀಹೋಲ್, ತೆರೆದುಕೊಳ್ಳುತ್ತದೆ. ಬೆಳಕು ಅದರೊಳಗೆ ಮತ್ತೆ ಮತ್ತೆ ಬಡಿದು ಹೀರಿಕೆ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಆ ಮಟ್ಟದ ಅಂಚಿನಲ್ಲೇ ಯಂತ್ರ ಓಡುತ್ತಿದ್ದರೆ ಕೀಹೋಲ್ ಒಂದು ಕ್ಷಣ ತೆರೆದು ಮರುಕ್ಷಣ ಮುಚ್ಚುತ್ತದೆ. ಮುಚ್ಚುವಾಗ ಒಳಗೆ ಉಳಿದ ಆವಿ ರಂಧ್ರವಾಗುತ್ತದೆ, ಮತ್ತೆ ತೆರೆಯುವಾಗ ಕರಗಿದ ತಾಮ್ರ ಹೊರಗೆ ಚಿಮ್ಮುತ್ತದೆ.

ನಿಮ್ಮ ಯಂತ್ರ ಆ ಅಂಚಿನಲ್ಲಿ ಇದೆಯೇ ಎಂದು ನೀವೇ ನೋಡಿಕೊಳ್ಳಬಹುದು. ಕಿರಣಬಿಂದುವಿನ ವ್ಯಾಸ ಎಂದರೆ ಫೈಬರ್ ಕೋರ್‌ನ ವ್ಯಾಸವನ್ನು ಫೋಕಸ್ ಲೆನ್ಸಿನ ಫೋಕಲ್ ದೂರದಿಂದ ಗುಣಿಸಿ, ಕಾಲಿಮೇಟರಿನ (ಫೈಬರಿನಿಂದ ಹರಡುವ ಬೆಳಕನ್ನು ಸಮಾನಾಂತರ ಮಾಡುವ ಲೆನ್ಸಿನ) ಫೋಕಲ್ ದೂರದಿಂದ ಭಾಗಿಸಿದ್ದು. 100 ಮೈಕ್ರಾನ್ ಫೈಬರ್, 100 ಮಿ.ಮೀ. ಕಾಲಿಮೇಟರ್, 300 ಮಿ.ಮೀ. ಫೋಕಸ್ ಇದ್ದರೆ ಬಿಂದು 0.3 ಮಿ.ಮೀ. ಅದರ ಮೇಲೆ 3 ಕಿಲೋವ್ಯಾಟ್ ಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 42 ಲಕ್ಷ ವ್ಯಾಟ್. ಸ್ಟೀಲಿಗೆ ಇದು ಧಾರಾಳ, ತಾಮ್ರಕ್ಕೆ ಸಾಲದು. ಅದಕ್ಕೆ ಒಂದು ಕೋಟಿ ವ್ಯಾಟಿನ ಆಸುಪಾಸು ಬೇಕು. ಅದೇ ಫೈಬರ್‌ಗೆ 150 ಮಿ.ಮೀ. ಫೋಕಸ್ ಲೆನ್ಸ್ ಹಾಕಿದರೆ ಬಿಂದು 0.15 ಮಿ.ಮೀ. ಆಗಿ ಸಾಂದ್ರತೆ ನಾಲ್ಕು ಪಟ್ಟಾಗುತ್ತದೆ, 1.7 ಕೋಟಿ. ಒಂದು ಲೆನ್ಸ್ ಬದಲಿಸಿದರೆ ಆಗುವ ಕೆಲಸವಿದು. ಬದಲಿಗೆ ತೆರಬೇಕಾದದ್ದೂ ಇದೆ: ಫೋಕಸ್‌ನ ಆಳ ಕಡಿಮೆಯಾಗುವುದರಿಂದ ಮುಚ್ಚಳದ ಎತ್ತರದ ಏರುಪೇರನ್ನು ಅದು ಸಹಿಸುವುದಿಲ್ಲ, ಲೇಸರ್ ಹೆಡ್ ಪ್ಲೇಟ್‌ಗೆ ಹತ್ತಿರ ಬರುವುದರಿಂದ ರಕ್ಷಕ ಗಾಜು ಬೇಗ ಕೊಳೆಯಾಗುತ್ತದೆ. ಗಾಜು ಕೊಳೆಯಾದರೆ ಬಿಸಿಯಾಗಿ ಫೋಕಸ್ ಜಾರುತ್ತದೆ. ಬೆಳಿಗ್ಗೆ ಚೆನ್ನಾಗಿ ಬಂದ ವೆಲ್ಡ್ ಮಧ್ಯಾಹ್ನ ಕೈಕೊಟ್ಟರೆ ಮೊದಲು ನೋಡಬೇಕಾದ್ದು ಈ ಗಾಜನ್ನೇ.

ವೇಗದ ವಿಷಯದಲ್ಲಿ ಸ್ಟೀಲ್ ಮಾಡಿ ಅಭ್ಯಾಸವಾದವರು ತಪ್ಪು ದಿಕ್ಕಿಗೆ ಹೋಗುತ್ತಾರೆ. ಆಳ ಸಿಗದಿದ್ದಾಗ ನಿಧಾನ ಮಾಡುತ್ತಾರೆ. ತಾಮ್ರದಲ್ಲಿ ನಿಧಾನ ಮಾಡಿದರೆ ಕರಗಿದ ಕೊಳ ದೊಡ್ಡದಾಗಿ ಕೀಹೋಲ್ ಇನ್ನಷ್ಟು ಅಲುಗಾಡುತ್ತದೆ, ದೊಡ್ಡ ಹನಿಗಳು ಎದ್ದುಹೋಗಿ ವೆಲ್ಡ್‌ನಲ್ಲಿ ಗುಳಿ ಬೀಳುತ್ತದೆ. ನಿಮ್ಮ 3 ಕಿಲೋವ್ಯಾಟ್‌ಗೆ, ಬಿಂದು 0.15 ಮಿ.ಮೀ. ಇರುವಾಗ, ಸೆಕೆಂಡಿಗೆ 80ರಿಂದ 120 ಮಿ.ಮೀ. ವೇಗದಲ್ಲಿ ಪ್ರಯೋಗ ಶುರುಮಾಡಿ. ಕಿರಣವನ್ನು ಲಂಬಕ್ಕಿಂತ 5ರಿಂದ 10 ಡಿಗ್ರಿ ಓರೆ ಮಾಡಿ. ಇಲ್ಲವಾದರೆ ತಾಮ್ರದಿಂದ ಹಿಮ್ಮರಳುವ ಬೆಳಕು ನೇರ ಫೈಬರಿನೊಳಗೆ ಹೋಗಿ ಮೂಲವನ್ನೇ ಕೆಡಿಸಬಹುದು. ಗ್ಯಾಲ್ವೋ ಹೆಡ್ (ಅಲುಗುವ ಕನ್ನಡಿಗಳಿಂದ ಕಿರಣವನ್ನು ತಿರುಗಿಸುವ ಹೆಡ್) ಇದ್ದರೆ 0.2ರಿಂದ 0.4 ಮಿ.ಮೀ. ಅಗಲದ ಸಣ್ಣ ವಾಬಲ್, ಅಂದರೆ ಕಿರಣದ ಅಲುಗಾಟ, ಕೊಡಬಹುದು, ಸಂದಿಯ ಎರಡೂ ಬದಿ ಕರಗುವುದು ಖಾತ್ರಿಯಾಗುತ್ತದೆ. ಅದಕ್ಕಿಂತ ಅಗಲ ಮಾಡಿದರೆ ಗಳಿಸಿದ ಸಾಂದ್ರತೆಯನ್ನು ಕಳೆದುಕೊಂಡಂತೆ. ಕೈಯಲ್ಲಿ ಹಿಡಿಯುವ ಗನ್ನಿನಲ್ಲಿ ಈ ವೇಗ ಆಗದ ಮಾತು. ಕೋಲ್ಡ್ ಪ್ಲೇಟ್‌ಗೆ ಅದನ್ನು ಬಳಸುತ್ತಿದ್ದರೆ ಇಂದೇ ನಿಲ್ಲಿಸಿ.

ಈಗ ನೀವು ಕೇಳಿದ ಹಸಿರು. 515 ನ್ಯಾನೋಮೀಟರ್ ಹಸಿರು ಬೆಳಕನ್ನು ತಾಮ್ರ ಶೇಕಡಾ 40ರಷ್ಟು ಹೀರುತ್ತದೆ, 450 ನ್ಯಾನೋಮೀಟರ್ ನೀಲಿಯನ್ನು ಅದಕ್ಕಿಂತಲೂ ಹೆಚ್ಚು. ಶುರುವಿನಲ್ಲೇ ಬೆಳಕು ಒಳಗೆ ಹೋಗುವುದರಿಂದ ಕೀಹೋಲ್ ಒಮ್ಮೆಲೇ ಒಡೆದು ತೆರೆಯುವ ಆಟವಿಲ್ಲ. ನೀಲಿ ಡಯೋಡ್ ಲೇಸರಿನ ಕಿರಣವನ್ನು ಫೈಬರ್ ಲೇಸರಿನಷ್ಟು ಕಿರಿದಾದ ಬಿಂದುವಿಗೆ ತರುವುದು ಕಷ್ಟ, ಹಾಗಾಗಿ ಅದು ಆಳವಿಲ್ಲದ, ಕಿಡಿಯೇ ಏಳದ ನುಣುಪು ವೆಲ್ಡ್‌ಗೆ ಹೇಳಿಮಾಡಿಸಿದ್ದು. ಮೂರನೇ ದಾರಿ ರಿಂಗ್ ಮೋಡ್ ಫೈಬರ್ ಲೇಸರ್: ನಡುವೆ ಒಂದು ತೀಕ್ಷ್ಣ ಕಿರಣ, ಸುತ್ತ ಒಂದು ಉಂಗುರ, ಎರಡರ ಪವರನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಉಂಗುರ ಕೀಹೋಲ್‌ನ ಬಾಯನ್ನು ಅಗಲವಾಗಿ ತೆರೆದಿಡುವುದರಿಂದ ಆವಿ ಸಲೀಸಾಗಿ ಹೊರಗೆ ಹೋಗುತ್ತದೆ. ತಾಮ್ರ, ಸ್ಟೇನ್‌ಲೆಸ್ ಎರಡನ್ನೂ ಒಂದೇ ಯಂತ್ರದಲ್ಲಿ ಮಾಡುವ ನಿಮ್ಮಂಥವರಿಗೆ ಹಸಿರಿಗಿಂತ ಇದೇ ಹೊಂದುತ್ತದೆ ಎನ್ನುವುದು ನನ್ನ ಅಭಿಪ್ರಾಯ. ದಿನವಿಡೀ ತಾಮ್ರವೇ ಓಡುವ ಸಾಲಾದರೆ ಮಾತು ಬೇರೆ.

ಸುತ್ತು ಮುಗಿಯುವ ಜಾಗಕ್ಕೆ ಬರೋಣ; ನಿಮ್ಮ ಸೋರಿಕೆಯ ಕೇಂದ್ರ ಅದೇ. ಒಂದು ವಿಷಯ ಪರೀಕ್ಷಿಸಿ: ವೆಲ್ಡ್ ಮಾಡುವಾಗ ಕಿಡಿ ಒಳಗೆ ಹೋಗದಿರಲೆಂದು ಇನ್‌ಲೆಟ್, ಔಟ್‌ಲೆಟ್ ಎರಡಕ್ಕೂ ಬಿರಡೆ ಹಾಕುತ್ತಿದ್ದೀರಾ? ಹಾಕುತ್ತಿದ್ದರೆ ಅರ್ಧ ಕಾರಣ ಅಲ್ಲೇ ಇದೆ. ಒಳಗಿನ ಗಾಳಿ 25 ಡಿಗ್ರಿಯಿಂದ 95 ಡಿಗ್ರಿಗೆ ಏರಿದರೆ ಅದರ ಒತ್ತಡ ಕಾಲು ಭಾಗದಷ್ಟು ಹೆಚ್ಚಾಗುತ್ತದೆ. ವೆಲ್ಡ್ ಸುತ್ತುತ್ತಿರುವಾಗ ಆ ಗಾಳಿ ಇನ್ನೂ ವೆಲ್ಡ್ ಆಗದ ಸಂದಿಯಿಂದ ಹೊರಗೆ ಹೋಗುತ್ತಿರುತ್ತದೆ. ಕೊನೆಯ ಕೆಲವು ಮಿ.ಮೀ. ಬಂದಾಗ ಉಳಿದ ಒಂದೇ ದಾರಿ ಕರಗಿದ ತಾಮ್ರದ ಮೂಲಕ. ಕೂದಲೆಳೆಯ ರಂಧ್ರ ಬಿಟ್ಟು ಹೊರಗೆ ಬರುತ್ತದೆ, ಮೇಲಿನಿಂದ ನೋಡಿದರೆ ವೆಲ್ಡ್ ಚೆನ್ನಾಗಿಯೇ ಕಾಣುತ್ತದೆ. ಒಂದು ಪೋರ್ಟ್ ಯಾವಾಗಲೂ ತೆರೆದಿರಲಿ. ಒಳಗೆ ಆರ್ಗಾನ್ ಬಿಡುವುದಾದರೆ ಎರಡನೇ ಪೋರ್ಟಿನಿಂದ ಧಾರಾಳವಾಗಿ ಹೊರಗೆ ಹೋಗುವಂತಿರಲಿ, ಒತ್ತಡ ನಿಲ್ಲಬಾರದು.

ಉಳಿದರ್ಧ ಕಾರಣ ಪವರ್ ನಿಲ್ಲಿಸುವ ರೀತಿ. 3 ಕಿಲೋವ್ಯಾಟನ್ನು ಒಮ್ಮೆಗೇ ಕಡಿದರೆ ಕೀಹೋಲ್ ತುಂಬಿಕೊಳ್ಳಲು ಸಮಯ ಸಿಗದೆ ಕುಸಿಯುತ್ತದೆ. ಬುಡದಲ್ಲಿ ಟೊಳ್ಳು, ಮೇಲೆ ಗುಳಿ ಉಳಿಯುತ್ತದೆ. ಶುರು ಮಾಡಿದ ಜಾಗವನ್ನು ದಾಟಿ 8ರಿಂದ 10 ಮಿ.ಮೀ. ಮುಂದೆ ಹೋಗಿ, ಆಮೇಲಿನ 8 ಮಿ.ಮೀ. ಉದ್ದಕ್ಕೆ ಪವರನ್ನು ಇಳಿಸುತ್ತಾ ಸೊನ್ನೆಗೆ ತನ್ನಿ. ಇಳಿಸುವಾಗ ಬಿಂದುವನ್ನು ಸಂದಿಯಿಂದ ಜಾರಿಸಿ ತಳದ ಗಟ್ಟಿ ಲೋಹದ ಮೇಲೆ ಮುಗಿಸಿದರೆ ಇನ್ನೂ ಒಳ್ಳೆಯದು, ಗುಳಿ ಬಿದ್ದರೂ ಅದು ಸಂದಿಯ ಮೇಲಿರುವುದಿಲ್ಲ. ಆರಂಭದ ಮೊದಲ ಕೆಲವು ಮಿ.ಮೀ. ತಣ್ಣಗಿರುವುದರಿಂದ ಆಳ ಕಡಿಮೆ. ಅದಕ್ಕೇ ಆರಂಭದ ವೆಲ್ಡ್‌ನ ಮೇಲೆ ಮತ್ತೊಮ್ಮೆ ಹೋಗುವ ಆ 8ರಿಂದ 10 ಮಿ.ಮೀ. ಪೂರ್ಣ ಪವರಿನಲ್ಲಿರಬೇಕು. ಆರಂಭ-ಅಂತ್ಯದ ಜಾಗ ನೇರ ಬದಿಯ ನಡುವೆ ಇರಲಿ, ಮೂಲೆಯಲ್ಲಿ ಬೇಡ. ಮೂಲೆಗಳಲ್ಲಿ ಹೆಡ್ ತಾನಾಗಿ ನಿಧಾನವಾಗುತ್ತದೆ, ಪವರ್ ಅಷ್ಟೇ ಇದ್ದರೆ ಅಲ್ಲಿ ಕೊಳ ಉಬ್ಬುತ್ತದೆ. ಮುಚ್ಚಳಕ್ಕೆ ಕನಿಷ್ಠ 3 ಮಿ.ಮೀ. ತ್ರಿಜ್ಯದ ಮೂಲೆ ಕೊಡಿ, ಕಂಟ್ರೋಲರಿನಲ್ಲಿ ಪವರನ್ನು ವೇಗಕ್ಕೆ ಕಟ್ಟಿಹಾಕಿ.

ಸಂದಿ. ತೆಳು ಜೋಡಣೆಗಳಲ್ಲಿ ಸಂದಿಯ ಅಗಲ ವೆಲ್ಡ್ ಆಳದ ಹತ್ತನೇ ಒಂದು ಭಾಗ ಮೀರಬಾರದೆಂಬುದು ಒರಟು ನಿಯಮ. 0.15 ಮಿ.ಮೀ. ಬಿಂದುವಿಗೆ ನಾನು ಇನ್ನೂ ಬಿಗಿಮಾಡುತ್ತೇನೆ: ಯಾವ ಜಾಗದಲ್ಲೂ 0.05 ಮಿ.ಮೀ. ಮೀರದಿರಲಿ. ಪ್ರತಿ ಬದಿಗೆ 0.05 ಸಡಿಲು ಕೊಟ್ಟು ಮಾಡಿದ ಮುಚ್ಚಳ ಒಂದು ಕಡೆಗೆ ಸರಿದು ಕೂತರೆ ಎದುರು ಬದಿಯಲ್ಲಿ 0.1 ಆಗಿಬಿಡುತ್ತದೆ ಎನ್ನುವುದನ್ನು ಡ್ರಾಯಿಂಗ್ ಮಾಡುವವರು ಮರೆಯುತ್ತಾರೆ. ಬಿಂದುವಿನ ಬಹುಪಾಲು ಬೆಳಕು ಅಲ್ಲಿ ಸಂದಿಯೊಳಗೆ ನುಗ್ಗಿ ಫಿನ್‌ಗಳ ಮೇಲೇ ಬೀಳುತ್ತದೆ. ಮುಚ್ಚಳವನ್ನು ಪಂಚ್ ಮಾಡಿಸುತ್ತಿದ್ದರೆ ಅಂಚಿನ ಒಂದು ಬದಿ ದುಂಡಾಗಿ, ಇನ್ನೊಂದು ಬದಿ ಬರ್ (ಲೋಹದ ಚೂಪು ಏಣು) ಎದ್ದಿರುತ್ತದೆ. ದುಂಡಾದ ಬದಿ ಮೇಲೆ ಬಂದರೆ ಸಂದಿ ಅಳತೆಯಲ್ಲಿ ಸರಿಯಿದ್ದರೂ ಕಿರಣದ ಪಾಲಿಗೆ ಅಗಲವೇ. ಮಿಲ್ಲಿಂಗ್ ಮಾಡಿದ ಚೂಪು ಅಂಚು ಬೇಕು. 0.01ರಿಂದ 0.02 ಮಿ.ಮೀ. ಬಿಗಿಯಿಟ್ಟು ಪ್ರೆಸ್ಸಿನಲ್ಲಿ ಮುಚ್ಚಳ ಕೂರಿಸುವುದು ನನಗೆ ಮೆಚ್ಚಿನ ವಿಧಾನ, ಜಿಗ್ಗಿನ ಕೆಲಸ ಅರ್ಧ ತಪ್ಪುತ್ತದೆ.

ಬಿಗಿಯಾಗಿ ಕೂತ ಮುಚ್ಚಳವನ್ನೂ ಟ್ಯಾಕ್ ಮಾಡದೆ, ಅಂದರೆ ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ ಹಿಡಿಸದೆ, ಸುತ್ತಬೇಡಿ. ಮೂರು ಬದಿ ವೆಲ್ಡ್ ಆಗುವಷ್ಟರಲ್ಲಿ ಅವು ಕುಗ್ಗಿ ಮುಚ್ಚಳವನ್ನು ತಮ್ಮ ಕಡೆಗೆ ಎಳೆಯುತ್ತವೆ, ನಾಲ್ಕನೆಯದರಲ್ಲಿ ಸಂದಿ ತೆರೆದುಕೊಳ್ಳುತ್ತದೆ. ಸುತ್ತು ಮುಗಿಯುವ ಜಾಗ ಆ ಬದಿಯಲ್ಲೇ ಇರುತ್ತದೆ ಎನ್ನುವುದು ಕಾಕತಾಳೀಯವಲ್ಲ. ಈ ಅಳತೆಗೆ 12 ಟ್ಯಾಕ್, ಒಂದರ ನಂತರ ಅದರ ಎದುರಿನದು ಎಂಬ ಕ್ರಮದಲ್ಲಿ. ಟ್ಯಾಕ್ ಆಳ ಮುಖ್ಯ ವೆಲ್ಡ್‌ಗಿಂತ ಕಡಿಮೆಯಿರಲಿ, ಹಾಗಿದ್ದರೆ ಅವು ಪೂರ್ತಿ ಮತ್ತೆ ಕರಗಿಹೋಗುತ್ತವೆ.

ಇನ್ನು ಕೊಳೆ. ಸ್ಕೈವಿಂಗ್ ಎಣ್ಣೆ 0.1–0.2 ಮಿ.ಮೀ. ಅಂತರದ ಫಿನ್‌ಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ, ಅಸಿಟೋನ್ ಸಿಂಪಡಿಸಿದರೆ ಹೋಗುವುದಿಲ್ಲ. ತಳ ಬಿಸಿಯಾದಾಗ ಅದು ಆವಿಯಾಗಿ ಸಂದಿಯ ಮೂಲಕವೇ ಬರುತ್ತದೆ, ವೆಲ್ಡ್ ಪಕ್ಕದಲ್ಲಿ ಕಪ್ಪು ಮಸಿ ಕಂಡರೆ ಇದನ್ನೇ ಮೊದಲು ಅನುಮಾನಿಸಿ. ಕ್ಷಾರೀಯ ಡಿಟರ್ಜೆಂಟ್ ಹಾಕಿದ ಬಿಸಿ ಅಲ್ಟ್ರಾಸಾನಿಕ್ ತೊಟ್ಟಿ, ಆಮೇಲೆ ಡಿಅಯೊನೈಸ್ಡ್ ನೀರಿನಲ್ಲಿ ಎರಡು ಬಾರಿ ತೊಳೆತ, ಆಕ್ಸೈಡಿನಿಂದ ಬಣ್ಣ ಕಂದಿದ್ದರೆ ನಡುವೆ ದುರ್ಬಲ ಸಿಟ್ರಿಕ್ ಆಮ್ಲ, ಕೊನೆಗೆ 80–100 ಡಿಗ್ರಿಯಲ್ಲಿ ವ್ಯಾಕ್ಯೂಮ್ ಓವನ್. ತೊಳೆದದ್ದನ್ನು ಅದೇ ಶಿಫ್ಟಿನಲ್ಲಿ ವೆಲ್ಡ್ ಮಾಡಿ, ಬರಿಗೈಯಲ್ಲಿ ಮುಟ್ಟಬೇಡಿ.

ತಾಮ್ರದ ದರ್ಜೆ ಯಾವುದೆಂದು ನೀವು ಬರೆದಿಲ್ಲ. ಸಿ11000 ಆಗಿದ್ದರೆ ಅದರಲ್ಲಿ ನೂರಾರು ಪಿಪಿಎಂ (ಒಂದು ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ) ಆಮ್ಲಜನಕ ಆಕ್ಸೈಡ್ ರೂಪದಲ್ಲಿ ಇರುತ್ತದೆ. ಕರಗಿದಾಗ ಅದು ಜಲಜನಕದ ಜೊತೆ ಸೇರಿ ನೀರಾವಿಯಾಗುತ್ತದೆ, ಅದು ರಂಧ್ರವಾಗಿ ಉಳಿಯುತ್ತದೆ. ಎಣ್ಣೆ, ತೇವ ಎರಡೂ ಆ ಜಲಜನಕದ ಮೂಲ. ಯಾವ ಲೇಸರ್ ತಂದರೂ ಈ ರಂಧ್ರ ಹೋಗದು. ಆಮ್ಲಜನಕ 10 ಪಿಪಿಎಂ ಮೀರದ ಸಿ10200 ತರಿಸಿ. ಮುಚ್ಚಳಕ್ಕೆ ಫಾಸ್ಫರಸ್ ಹಾಕಿ ಆಮ್ಲಜನಕ ತೆಗೆದ ಸಿ12200 ಕೂಡ ಆಗುತ್ತದೆ. ಅದರ ಉಷ್ಣವಾಹಕತೆ ಕಡಿಮೆ, ಆದರೆ ಚಿಪ್‌ನ ಬಿಸಿ ಹೀರುವ ಕೆಲಸ ಮುಚ್ಚಳದ್ದಲ್ಲ. ಇಲೆಕ್ಟ್ರೋಲೆಸ್ (ವಿದ್ಯುತ್ ಇಲ್ಲದೆ ರಾಸಾಯನಿಕವಾಗಿ ಕೂರಿಸುವ) ನಿಕ್ಕಲ್ ಲೇಪನವಿದ್ದರೆ ವೆಲ್ಡ್ ಆದ ಮೇಲೆ ಮಾಡಿಸಿ, ಇಲ್ಲವೇ ಸಂದಿಯ ಎರಡೂ ಬದಿ 2–3 ಮಿ.ಮೀ. ಲೇಪನವಿಲ್ಲದಂತೆ ಬಿಡಿಸಿ. ಅದರಲ್ಲಿರುವ ಫಾಸ್ಫರಸ್ ನಿಕ್ಕಲ್ ಜೊತೆ ಸೇರಿ 880 ಡಿಗ್ರಿಯಲ್ಲೂ ದ್ರವವಾಗಿರುವ ಪದರ ಉಳಿಸುತ್ತದೆ, ತಾಮ್ರ ಗಟ್ಟಿಯಾಗಿ ಕುಗ್ಗುವಾಗ ಆ ಪದರದಲ್ಲೇ ಸೀಳುತ್ತದೆ.

ಫಿಲ್ಟರಿನಲ್ಲಿ ಸಿಕ್ಕ ಗುಂಡುಗಳು ನನ್ನನ್ನು ಸೋರಿಕೆಗಿಂತ ಹೆಚ್ಚು ಚಿಂತೆಗೀಡುಮಾಡುತ್ತವೆ. ಸೋರುವ ಪ್ಲೇಟ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಒಳಗೆ ಸಡಿಲವಾಗಿ ಅಂಟಿದ 0.2 ಮಿ.ಮೀ. ಗುಂಡು ಪರೀಕ್ಷೆಯನ್ನು ದಾಟಿ ರ‍್ಯಾಕ್‌ನಲ್ಲಿ ಬಿಸಿ-ತಂಪಿನ ನೂರಾರು ಸುತ್ತಾದ ಮೇಲೆ ಕಳಚುತ್ತದೆ, ಫಿನ್‌ಗಳ ಬಾಯಿಗೆ ಅಡ್ಡ ಕೂರುತ್ತದೆ ಅಥವಾ ಕ್ವಿಕ್ ಕಪ್ಲಿಂಗ್‌ನ ಸೀಲಿನಲ್ಲಿ ಸಿಕ್ಕಿ ಅದು ಮುಚ್ಚದಂತೆ ಮಾಡುತ್ತದೆ. ಇದಕ್ಕೆ ಮದ್ದು ಸಂದಿಯ ವಿನ್ಯಾಸ. ತಳದ ಗೋಡೆಯಲ್ಲಿ ಮೆಟ್ಟಿಲು ಕೊಯ್ದು ಮುಚ್ಚಳ ಅದರ ಮೇಲೆ ಕೂರಲಿ, ಮೆಟ್ಟಿಲಿನ ಅಗಲ ಕನಿಷ್ಠ 1.5 ಮಿ.ಮೀ. ಇರಲಿ. 2 ಮಿ.ಮೀ. ದಪ್ಪದಲ್ಲಿ 1.2 ಮಿ.ಮೀ. ಮಾತ್ರ ವೆಲ್ಡ್ ಇಳಿದರೆ ಕೆಳಗಿನ 0.8 ಮಿ.ಮೀ. ಮತ್ತು ಆ ಮೆಟ್ಟಿಲು ಸೇರಿ ಕಿಡಿಗೆ ಅಡ್ಡಗೋಡೆಯಾಗುತ್ತವೆ. ಮುಚ್ಚಳವನ್ನು ಗೋಡೆಯ ಮೇಲಿಟ್ಟು ಮೇಲಿನಿಂದ ತೂರಿಸುವ ಲ್ಯಾಪ್ ವೆಲ್ಡ್‌ನಲ್ಲಿ ಕಿರಣ ಸ್ವಲ್ಪ ಪಕ್ಕಕ್ಕೆ ಸರಿದರೂ ಬುಡದ ಹನಿ ನೇರ ನೀರಿನ ದಾರಿಗೆ ಬೀಳುತ್ತದೆ. ಮೆಟ್ಟಿಲಿನ ವಿನ್ಯಾಸ ಒಳಗಡೆ ಒಂದು ಕಿರುಸಂದಿಯನ್ನು ಉಳಿಸುತ್ತದೆ ನಿಜ. ತುಕ್ಕು ತಡೆಯುವ ಇನ್‌ಹಿಬಿಟರ್ ಇರುವ ಶೇಕಡಾ 25ರ ಪ್ರೊಪಿಲೀನ್ ಗ್ಲೈಕಾಲ್ ದ್ರವದಲ್ಲಿ ತಾಮ್ರ ಅದನ್ನು ತಾಳಿಕೊಳ್ಳುತ್ತದೆ, ಆದರೆ ತೊಳೆದ ಆಮ್ಲ ಅಲ್ಲಿ ಉಳಿದರೆ ತಾಳದು. ವೆಲ್ಡ್ ನಂತರ ಆಮ್ಲದಲ್ಲಿ ಅದ್ದುವುದನ್ನು ಬಿಟ್ಟುಬಿಡಿ.

ತಳದ ಬಾಗು ವೇಗದ ಮಾತಿಗೇ ಮರಳಿ ತರುತ್ತದೆ. 3 ಕಿಲೋವ್ಯಾಟ್, ಸೆಕೆಂಡಿಗೆ 80 ಮಿ.ಮೀ. ಆದರೆ 300 ಮಿ.ಮೀ. ಸುತ್ತಿಗೆ ಸುಮಾರು 11 ಕಿಲೋಜೂಲ್. 400 ಗ್ರಾಂ ತಾಮ್ರದಲ್ಲಿ ಅದು ಪೂರ್ತಿ ಉಳಿದರೂ ಸರಾಸರಿ ಏರಿಕೆ 70 ಡಿಗ್ರಿ ಚಿಲ್ಲರೆ. ಸೆಕೆಂಡಿಗೆ 20 ಮಿ.ಮೀ.ಗೆ ಇಳಿಸಿದರೆ 45 ಕಿಲೋಜೂಲ್, 300 ಡಿಗ್ರಿಯ ಸಮೀಪ: ಬಾಗು ಹೆಚ್ಚುವುದಲ್ಲದೆ, ಸ್ಕೈವಿಂಗ್‌ನಲ್ಲಿ ಗಟ್ಟಿಯಾದ ಫಿನ್‌ಗಳೂ ಮೆತ್ತಗಾಗತೊಡಗುತ್ತವೆ. ಸುಮಾರು 800 ಡಿಗ್ರಿಯಲ್ಲಿ ನಡೆಯುವ ವ್ಯಾಕ್ಯೂಮ್ ಬ್ರೇಜಿಂಗ್ (ನಿರ್ವಾತದಲ್ಲಿ ಬೇರೆ ಲೋಹ ಕರಗಿಸಿ ಬೆಸೆಯುವುದು) ಇಡೀ ಪ್ಲೇಟನ್ನು ಮೆತ್ತಗೆ ಮಾಡುತ್ತದೆ. ಲೇಸರ್ ಆರಿಸಿಕೊಂಡ ಒಂದು ಮುಖ್ಯ ಲಾಭವೇ ಅದನ್ನು ತಪ್ಪಿಸುವುದು, ನಿಧಾನ ಮಾಡಿ ಆ ಲಾಭವನ್ನು ಕಳೆದುಕೊಳ್ಳಬೇಡಿ. ಚಿಪ್‌ಗೆ ತಾಗುವ ಮುಖದಲ್ಲಿ 0.2–0.3 ಮಿ.ಮೀ. ಹೆಚ್ಚುವರಿ ಬಿಟ್ಟು, ವೆಲ್ಡ್ ಆದ ಮೇಲೆ ಫ್ಲೈ ಕಟ್ಟರಿನಲ್ಲಿ ಸಮತಟ್ಟು ಮಾಡಿ. ಆಗ ಮಾತ್ರ ಎರಡೂ ಪೋರ್ಟ್‌ಗಳಿಗೆ ಬಿರಡೆ ಬೇಕು, ಚೂರು ಒಳಗೆ ಹೋಗದಂತೆ.

ಸ್ಟೇನ್‌ಲೆಸ್ ಬಿರುಕಿಗೆ ಉತ್ತರ ಚಿಕ್ಕದು. ಫಿಟ್ಟಿಂಗಿನ ಮೆಟೀರಿಯಲ್ ಸರ್ಟಿಫಿಕೇಟ್ ತರಿಸಿ ನೋಡಿ. ಟರ್ನಿಂಗ್ ಅಂಗಡಿಗಳಿಗೆ 303 ಪ್ರೀತಿ, ಏಕೆಂದರೆ ಅದರಲ್ಲಿ ಬೇಕೆಂದೇ ಸೇರಿಸಿದ ಶೇಕಡಾ 0.15ಕ್ಕೂ ಹೆಚ್ಚಿನ ಗಂಧಕ ಚೂರನ್ನು ಸಲೀಸಾಗಿ ಮುರಿಯುತ್ತದೆ. ಅದೇ ಗಂಧಕ ವೆಲ್ಡ್ ಗಟ್ಟಿಯಾಗುವಾಗ ಕೊನೆಯವರೆಗೂ ದ್ರವವಾಗಿ ನಡುಗೆರೆಯಲ್ಲಿ ನಿಂತು ಅಲ್ಲೇ ಬಿರುಕು ಬಿಡಿಸುತ್ತದೆ. ಪವರ್, ವೇಗ, ಗ್ಯಾಸ್ ಏನು ಬದಲಿಸಿದರೂ ಪ್ರಯೋಜನವಿಲ್ಲ. ಫಿಟ್ಟಿಂಗ್ 304ಎಲ್ ಅಥವಾ 316ಎಲ್ ಆಗಬೇಕು. ಹಿತ್ತಾಳೆ ಫಿಟ್ಟಿಂಗನ್ನು ಲೇಸರಿನಲ್ಲಿ ಕೂರಿಸುವ ಯೋಚನೆಯೂ ಬೇಡ, ಸತು 907 ಡಿಗ್ರಿಗೇ ಕುದಿದು ಎದ್ದುಹೋಗುತ್ತದೆ.

ಮ್ಯಾನಿಫೋಲ್ಡ್ ಕೊಳವೆ 1.5 ಮಿ.ಮೀ. ದಪ್ಪವಿದ್ದರೆ ಸುಮಾರು 1.2 ಕಿಲೋವ್ಯಾಟ್, ಸೆಕೆಂಡಿಗೆ 30 ಮಿ.ಮೀ. ಆಸುಪಾಸಿನಿಂದ ಶುರುಮಾಡಿ. ಒಳಗಡೆ ಆರ್ಗಾನ್ ಪರ್ಜ್ (ಆರ್ಗಾನ್ ಬಿಟ್ಟು ಗಾಳಿಯನ್ನು ಹೊರದೂಡುವುದು) ಕಡ್ಡಾಯ. ಆಕ್ಸಿಜನ್ ಮೀಟರ್ 50 ಪಿಪಿಎಂಗಿಂತ ಕೆಳಗೆ ತೋರಿಸಿದ ಮೇಲೆಯೇ ಕಿರಣ ಬಿಡಿ, ಇಲ್ಲವಾದರೆ ಬುಡದಲ್ಲಿ ಸಕ್ಕರೆಯಂತೆ ಹರಳುಗಟ್ಟಿದ ಆಕ್ಸೈಡ್ ಬೆಳೆದು ಉದುರುತ್ತದೆ. ಉದ್ದ ಕೊಳವೆಯ ಒಂದೇ ಬದಿಯಲ್ಲಿ ಸಾಲಾಗಿ ಫಿಟ್ಟಿಂಗ್ ಕೂರಿಸಿದಾಗ ಆ ಬದಿ ಕುಗ್ಗಿ ಇಡೀ ಕೊಳವೆ ಬಿಲ್ಲಾಗುತ್ತದೆ. ಓಪನ್ ರ‍್ಯಾಕ್‌ನಲ್ಲಿ ಒಂದು ಯೂನಿಟ್ (ಎತ್ತರದ ಅಳತೆ, ಫಿಟ್ಟಿಂಗ್‌ಗಳ ಅಂತರ ಇದಕ್ಕೇ ಹೊಂದಬೇಕು) 48 ಮಿ.ಮೀ., ಮಾಮೂಲಿ 19 ಇಂಚಿನ ರ‍್ಯಾಕ್‌ನಲ್ಲಿ 44.45 ಮಿ.ಮೀ.; ಪ್ರತಿ ಫಿಟ್ಟಿಂಗಿಗೆ 0.05 ಮಿ.ಮೀ. ಕುಗ್ಗಿದರೂ ನಲವತ್ತನೆಯದು 2 ಮಿ.ಮೀ. ತಪ್ಪಿರುತ್ತದೆ, ಬ್ಲೈಂಡ್ ಮೇಟ್ (ಸರ್ವರ್ ತಳ್ಳಿದಾಗ ತಾನಾಗಿ ಸೇರುವ) ಕಪ್ಲಿಂಗ್ ಅಲ್ಲಿ ಸೇರುವುದಿಲ್ಲ. ನಡುವಿನಿಂದ ಎರಡೂ ತುದಿಗೆ ಒಂದು ಬಿಟ್ಟು ಒಂದರಂತೆ ವೆಲ್ಡ್ ಮಾಡಿ, ಕುಗ್ಗುವಿಕೆಯನ್ನು ಅಳೆದು ರಂಧ್ರಗಳ ಅಂತರಕ್ಕೆ ಅಷ್ಟನ್ನು ಮೊದಲೇ ಸೇರಿಸಿ. ಕೊನೆಗೆ ಪ್ಯಾಸಿವೇಶನ್ (ಆಮ್ಲದಲ್ಲಿ ತೊಳೆದು ತುಕ್ಕು ತಡೆಯುವ ಪದರ ಕೂರಿಸುವುದು), ಫ್ಲಶ್.

ನೀರಿನಲ್ಲಿ ಗುಳ್ಳೆ ಕಾಣದ್ದು ಹೀಲಿಯಂನಲ್ಲಿ ಹೇಗೆ ಸೋರುತ್ತದೆ ಎಂಬ ನಿಮ್ಮ ಗೊಂದಲಕ್ಕೆ ಬಂದರೆ, ಎರಡೂ ಪರೀಕ್ಷೆಗಳು ಹೇಳುವುದು ನಿಜವೇ. ನೀರಿನಲ್ಲಿ ಕಣ್ಣಿಗೆ ಕಾಣುವ ಗುಳ್ಳೆಗೆ ಸೆಕೆಂಡಿಗೆ 10⁻³ರಿಂದ 10⁻⁴ ಮಿಲಿಬಾರ್ ಲೀಟರಿನಷ್ಟಾದರೂ ಸೋರಬೇಕು. ಹೀಲಿಯಂ ಯಂತ್ರ ಅದರ ಸಾವಿರದ ಒಂದು ಭಾಗವನ್ನೂ ಸುಲಭವಾಗಿ ಕಾಣುತ್ತದೆ. 10⁻⁵ ಎಂದರೆ 28 ಗಂಟೆಗೆ ಒಂದು ಘನ ಸೆಂಟಿಮೀಟರ್ ಅನಿಲ. ಗ್ರಾಹಕರ ಮಿತಿ ಎಷ್ಟು, ಯಾವ ಒತ್ತಡದಲ್ಲಿ, ಶುದ್ಧ ಹೀಲಿಯಮ್ಮೋ ಮಿಶ್ರಣವೋ ಎಂದು ಬರಹದಲ್ಲಿ ಪಡೆಯಿರಿ. 10⁻⁵–10⁻⁶ ಕೇಳಿದರೆ ನ್ಯಾಯ. ಅದಕ್ಕಿಂತ ಬಿಗಿಯಾಗಿ ಕೇಳಿದರೆ ಕಾರಣ ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಅದೇ ಲೂಪಿನ ರಬ್ಬರ್ ಓ-ರಿಂಗ್‌ಗಳೇ ಅಷ್ಟನ್ನು ಬಿಡುತ್ತಿರುತ್ತವೆ. ಈ ಓ-ರಿಂಗ್ ಪರೀಕ್ಷೆಯನ್ನೂ ದಾರಿತಪ್ಪಿಸುತ್ತದೆ: ಹೀಲಿಯಂ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಸೂಚಕ ಏರಿದರೆ ವೆಲ್ಡ್ ಸೋರಿಕೆ, ಹಲವು ನಿಮಿಷದ ಮೇಲೆ ಮೆಲ್ಲಗೆ ಏರಿದರೆ ಬಹುತೇಕ ಫಿಕ್ಸ್ಚರಿನ ರಬ್ಬರ್.

ನಿಮ್ಮಲ್ಲೇ ಪ್ರೆಶರ್ ಡಿಕೇ ಪರೀಕ್ಷೆ (ಗಾಳಿ ತುಂಬಿ ಮುಚ್ಚಿ, ಒತ್ತಡ ಎಷ್ಟು ಇಳಿಯುತ್ತದೆಂದು ನೋಡುವುದು) ಹಾಕುವುದಾದರೆ ಲೆಕ್ಕ ಸರಳ: ಒಳಗಿನ ಗಾತ್ರವನ್ನು ಒತ್ತಡದ ಇಳಿಕೆಯಿಂದ ಗುಣಿಸಿ ಸಮಯದಿಂದ ಭಾಗಿಸಿ. 40 ಮಿಲಿಲೀಟರ್ ಗಾತ್ರದಲ್ಲಿ 60 ಸೆಕೆಂಡಿಗೆ 0.1 ಮಿಲಿಬಾರ್ ಇಳಿದರೆ ಸೆಕೆಂಡಿಗೆ ಸುಮಾರು 7 × 10⁻⁵ ಮಿಲಿಬಾರ್ ಲೀಟರ್. ಆದರೆ 3 ಬಾರ್ ಗೇಜ್ ಒತ್ತಡದಲ್ಲಿ (ಅಂದರೆ ಹೊರಗಿನ ಗಾಳಿಗಿಂತ 3 ಬಾರ್ ಹೆಚ್ಚು) ಒಳಗಿನ ಗಾಳಿ ಬರೀ 0.1 ಡಿಗ್ರಿ ತಣ್ಣಗಾದರೂ ಒತ್ತಡ 1.3 ಮಿಲಿಬಾರ್‌ಗೂ ಹೆಚ್ಚು ಇಳಿಯುತ್ತದೆ. ವೆಲ್ಡ್ ಆದ ಬಿಸಿ ಪ್ಲೇಟನ್ನು ನೇರ ತಂದು ಪರೀಕ್ಷಿಸಿದರೆ ಒಳ್ಳೆಯದೂ ಸೋರಿದಂತೆ ಕಾಣುತ್ತದೆ. ಕೋಣೆಯ ಉಷ್ಣತೆಗೆ ಪೂರ್ತಿ ಬಂದ ಮೇಲೆಯೇ ಪರೀಕ್ಷೆ, ಯಾರೂ ಕೈಯಿಟ್ಟು ಹಿಡಿದಿರಬಾರದು. ಇನ್ನೊಂದು: ಹೀಲಿಯಂ ಮೊದಲು, ನೀರು ಆಮೇಲೆ. ಸೂಕ್ಷ್ಮ ರಂಧ್ರದೊಳಗೆ ಹೋದ ನೀರು ಅಲ್ಲೇ ನಿಂತು ಬಾಯಿ ಮುಚ್ಚುತ್ತದೆ, ಸೋರುವ ಪ್ಲೇಟ್ ಪಾಸಾಗುತ್ತದೆ. ರಂಧ್ರಕ್ಕೆ ಮರುವೆಲ್ಡ್ ಮಾಡುವುದಾದರೂ ನೀರು ಕಾಣುವ ಮೊದಲೇ, ಅದೂ ಒಂದೇ ಬಾರಿ. ನೀರು ಕಂಡದ್ದನ್ನು ವ್ಯಾಕ್ಯೂಮಿನಲ್ಲಿ ಒಣಗಿಸದೆ ಕರಗಿಸಿದರೆ ಪಕ್ಕದಲ್ಲೇ ಹೊಸ ರಂಧ್ರ ಬೀಳುತ್ತದೆ.

ಪ್ರತಿ ಬದಲಾವಣೆಯಾದ ಮೇಲೆ ಒಂದು ಪ್ಲೇಟನ್ನು ಬಲಿಕೊಡಿ. ಆರಂಭ-ಅಂತ್ಯದ ಮೇಲೆ, ಒಂದು ಮೂಲೆಯಲ್ಲಿ, ಎರಡು ನೇರ ಬದಿಯಲ್ಲಿ ಕೊಯ್ದು, ಪಾಲಿಶ್ ಮಾಡಿ, ಫೆರಿಕ್ ಕ್ಲೋರೈಡ್‌ನಲ್ಲಿ ಕೆತ್ತಿ ಆಳ ಅಳೆಯಿರಿ. ಸ್ವೀಕಾರದ ಮಟ್ಟಕ್ಕೆ ಐಎಸ್‌ಒ 13919ರ ಎರಡನೇ ಭಾಗ ನೋಡಿ. ಅಲ್ಯೂಮಿನಿಯಂ ಜೊತೆಗೆ ಶುದ್ಧ ತಾಮ್ರವೂ ಅದರ ವ್ಯಾಪ್ತಿಯಲ್ಲಿದೆ. ಸ್ಟೇನ್‌ಲೆಸ್‌ಗೆ ಮೊದಲ ಭಾಗ.

ಇಷ್ಟೆಲ್ಲ ಮಾಡಿದ ಮೇಲೂ ಗುಂಡುಗಳು ಉಳಿದರೆ ಹಸಿರು ಅಥವಾ ರಿಂಗ್ ಮೋಡ್ ನೋಡಲು ಹೋಗಿ. ಮಾರುವವರ ಪ್ರಯೋಗಾಲಯಕ್ಕೆ ನಿಮ್ಮ ಅತ್ಯುತ್ತಮ ಮುಚ್ಚಳಗಳನ್ನಷ್ಟೇ ಕಳಿಸಬೇಡಿ, ಸಂದಿ 0.05ಕ್ಕೆ ತಲುಪಿದವನ್ನೂ, 0.1ಕ್ಕೆ ಹೋದ ಕೆಲವನ್ನೂ ಗುರುತು ಹಾಕಿ ಸೇರಿಸಿ. ಅವರು ಕಳಿಸುವ ನುಣುಪು ವೆಲ್ಡ್‌ನ ಫೋಟೋಗಳಿಗೆ ಬೆಲೆಯಿಲ್ಲ. ಸುತ್ತು ಮುಗಿಯುವ ಜಾಗದ ಅಡ್ಡಕೊಯ್ತ, ಪ್ರತಿ ಪ್ಲೇಟಿನ ಹೀಲಿಯಂ ಅಂಕಿ, ಮತ್ತು 25 ಮೈಕ್ರಾನ್ ಪೊರೆಯ ಮೂಲಕ ಫ್ಲಶ್ ಮಾಡಿದಾಗ ಸಿಕ್ಕ ಲೋಹದ ತೂಕ ಈ ಮೂರನ್ನು ಕೇಳಿ. ಯಂತ್ರ ಬದಲಾದ ದಿನ ಕನ್ನಡಕಗಳನ್ನೂ ಬದಲಿಸಿ: 1070 ನ್ಯಾನೋಮೀಟರ್‌ಗೆ ಮಾಡಿದ ರಕ್ಷಣಾ ಕನ್ನಡಕ ಹಸಿರು ಬೆಳಕನ್ನು ಸಲೀಸಾಗಿ ಒಳಗೆ ಬಿಡಬಹುದು, ನಾಲ್ಕನೇ ದರ್ಜೆಯ ಲೇಸರಿನಲ್ಲಿ ತಾಮ್ರದಿಂದ ಚದುರಿ ಬಂದದ್ದೂ ಕಣ್ಣಿಗೆ ಸಾಕು.